ಐದನೆಯ ಚನ್ನಮ್ಮ

ಎರಡನೆಯ ಶನಿವಾರ, ಕಚೇರಿಗೆ ರಜೆಯ ದಿನ, ನಸುಕಿನಲ್ಲಿ ವಿಶ್ವಾಸನ ಮೊಬೈಲು ದಿಂಬಿನ ಕೆಳಗಿಂದ ಒಂದೇ ಒಂದು ಸಲ ಟಿಣ್ ಎಂದಿತು. ಅದು ಹಾಗೆ ಅನ್ನದೆ ಇದ್ದಿದ್ದರೆ ಅವನು ಮಗ್ಗುಲು ಬದಲಿಸಿ, ಬಿಸಿಲು ಏರಿದ ಮೇಲೆ ಎದ್ದು, ಹೆಂಡತಿ ಮಾಡಿದ ಉಪ್ಪಿಟ್ಟು ತಿಂದು, ನಿಪ್ಪಾಣಿಯ ಮರ್ಯಾದಸ್ಥ ಗೃಹಸ್ಥರಲ್ಲಿ ಒಬ್ಬನಾಗಿಯೇ ಆ ದಿನವನ್ನು ಮುಗಿಸುತ್ತಿದ್ದ.

ಚಿಕ್ಕೋಡಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ವಿಶ್ವಾಸನಿಗೆ ಬೀಡಿಯ ಚಟವಿರಲಿಲ್ಲ, ಇಸ್ಪೀಟಿನ ಚಟವಿರಲಿಲ್ಲ. ಇದ್ದದ್ದು ಡಬ್ಬಿಯ ಚಟ. ಅದಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ಯಾರೋ ಒಬ್ಬರು ಒಂದು ಸಣ್ಣ ಡಬ್ಬಿಯನ್ನು ಎಲ್ಲೋ ಅಡಗಿಸಿಟ್ಟು, ಅದಿರುವ ಜಾಗದ ಗುರುತನ್ನು ಇಂಟರ್‌ನೆಟ್ಟಿಗೆ ಹಾಕುವುದು. ಉಳಿದವರು ಮೊಬೈಲು ಹಿಡಿದು ಹುಡುಕಿ, ಡಬ್ಬಿಯೊಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಮತ್ತೆ ಇದ್ದಲ್ಲೇ ಇಟ್ಟು ಬರುವುದು.

"ಮತ್ತ ಸಿಗೋದೇನು?" ಎಂದು ಹೆಂಡತಿ ಸಾರಿಕಾ ಮೊದಲ ದಿನವೇ ಕೇಳಿದ್ದಳು.

"ಸಮಾಧಾನ."

"ಅದು ಮನ್ಯಾಗ ಸುಮ್ನ ಕುಂತ್ರೂ ಸಿಗ್ತೈತಲ್ರಿ."

ಅತ್ತೆ ಜನಾಬಾಯಿಗಂತೂ ಇದು ಆ ವರ್ಷ ಹೊಸದಾಗಿ ಬಂದಿದ್ದ ಜಿಯೋ ಸಿಮ್ಮಿನ ಏನೋ ವ್ಯವಹಾರ ಎಂದೇ ನಂಬಿಕೆ. ಹೋದ ತಿಂಗಳು ಅಳಿಯ ಒಂದು ಡಬ್ಬಿಗಾಗಿ ಸೇತುವೆಯ ಕೊಳವೆಯಲ್ಲಿ ಸೊಂಟದವರೆಗೆ ಹೊಕ್ಕು, ಕಬ್ಬಿನ ಗಾಡಿಯವರು ಕಾಲು ಹಿಡಿದು ಎಳೆದು ತೆಗೆದ ಮೇಲೆ ಸಾರಿಕಾ ಕಡ್ಡಿ ಮುರಿದಂತೆ ಹೇಳಿದ್ದಳು: "ಇನ್ನೊಂದ ಡಬ್ಬಿ ಅಂದ್ರ ನಮ್ಮವ್ವನ್ನ ಕರಕೊಂಡು ಬಂದು ಇಲ್ಲೇ ಇಟಗೋತೀನಿ." ತವರಿಗೆ ಹೋಗುತ್ತೇನೆ ಎಂದಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ.

ಆದರೆ ಈ ಟಿಣ್ ಸಾಮಾನ್ಯದ್ದಲ್ಲ. 'ಕರಿದ್ರಾಕ್ಷಿ' ಎಂಬ ಅಡ್ಡಹೆಸರಿನ ಯಾರೋ ಹೊಸ ಸವಾಲು ಹಾಕಿದ್ದರು. ಕಿತ್ತೂರು ರಾಣಿ ಚನ್ನಮ್ಮನ ಹೆಸರು ಹೊತ್ತ ಐದು ಜಾಗ, ಐದು ಡಬ್ಬಿ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿಗಳಲ್ಲಿ ಒಂದೊಂದು. ಆ ನಾಲ್ಕರಲ್ಲಿರುವ ಅಂಕಿಗಳನ್ನು ಜೋಡಿಸಿದರೆ ಐದನೆಯದು ಎಲ್ಲಿದೆಯೆಂದು ತಿಳಿಯುತ್ತದೆ. ಐದನೆಯ ಡಬ್ಬಿಯ ಚೀಟಿಯಲ್ಲಿ ಮೊದಲ ಹೆಸರು ಯಾರದೋ ಅವರೇ ಗೆದ್ದವರು.

ಮೊದಲ ಹೆಸರು! ವಿಶ್ವಾಸ ಮೂರು ವರ್ಷದಿಂದ ಎಷ್ಟೋ ಚೀಟಿ ಬಿಚ್ಚಿದ್ದ. ಪ್ರತಿಯೊಂದರಲ್ಲೂ ಮೊದಲ ಸಾಲಿನಲ್ಲಿ ಕೊಲ್ಲಾಪುರದ 'ಪನ್ಹಾಳದ ಹುಲಿ' ಎಂಬವನ ಹೆಸರು ಕುಳಿತಿರುತ್ತಿತ್ತು. ಇವನದು ಎರಡನೆಯದು, ಮದುವೆಯ ಊಟಕ್ಕೆ ಎರಡನೆಯ ಪಂಕ್ತಿಯಲ್ಲಿ ಕುಳಿತವನಂತೆ.

"ಬೆಳಗಾವ್ಯಾಗ ಟ್ರೇನಿಂಗ್ ಐತಿ," ಎಂದು ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತ ಹೇಳಿದ.

"ಸುಟ್ಟಿ ದಿನಾ?"

"ಸುಟ್ಟಿ ದಿನಾ ಆದ್ರ ಎಲ್ಲಾರೂ ಬಿಡುವಾಗಿರ್ತಾರಲ್ಲ, ಅದಕ್ಕ."

ಸಾರಿಕಾ ನಂಬಿದಳು. ಗಂಡನ ಹೆಸರೇ ವಿಶ್ವಾಸ. ನಂಬದೆ ಏನು ಮಾಡುತ್ತಾಳೆ?

ಮೊದಲ ಡಬ್ಬಿ ಇದ್ದದ್ದು ಊರೊಳಗಿನ ಚನ್ನಮ್ಮ ಉದ್ಯಾನದಲ್ಲಿ, ಕಲ್ಲು ಬೆಂಚಿನ ಕೆಳಗೆ. ವಿಶ್ವಾಸ ಬೈಕು ನಿಲ್ಲಿಸಿ, ಇಸ್ತ್ರಿ ಅಂಗಿಯಲ್ಲೇ ಬೋರಲು ಬಿದ್ದು, ಬೆಂಚಿನ ಅಡಿಗೆ ಕೈಯಾಡಿಸಿದ. ಡಬ್ಬಿ ಸಿಕ್ಕಿತು. ಅಂಕಿ ಬರೆದುಕೊಂಡು ತಲೆಯೆತ್ತಿದರೆ ಎದುರಿಗೆ ಎರಡು ಕಾಲು. ಪಕ್ಕದ ಮನೆಯ ಅಕ್ಕುತಾಯಿ, ವೈದ್ಯರು ಹೇಳಿದ್ದಕ್ಕೆ ದಿನಾ ಮುಂಜಾನೆ ಅಲ್ಲಿ ತಿರುಗಾಡಲು ಬರುವವಳು.

"ಏನೋ ವಿಶ್ವಾಸ, ಕಟ್ಟಿ ಬುಡಕ ಏನ್ ಮಾಡಾಕತ್ತೀ?"

"ಗಾಡಿ ಕೀಲಿ ಬಿದ್ದೈತಿ ಕಾಕು."

"ಕೀಲಿ ಗಾಡ್ಯಾಗ ಐತಲ್ಲೋ."

"ಹೌದ? ಸಿಕ್ತು ಬಿಡ್ರಿ ಹಂಗಾದ್ರ!" ಎಂದು ಅವನು ಓಡಿದ. ಅಕ್ಕುತಾಯಿ ಅವನ ಇಸ್ತ್ರಿ ಅಂಗಿಯನ್ನೂ, ಹಚ್ಚಿಕೊಂಡ ಸೆಂಟಿನ ವಾಸನೆಯನ್ನೂ ಗಮನಿಸಿ, ಎಂದಿಗಿಂತ ಬೇಗ ತಿರುಗಾಟ ಮುಗಿಸಿ ಮನೆಗೆ ಹೊರಟಳು.

ಚಿಕ್ಕೋಡಿಯ ಚನ್ನಮ್ಮ ವಾಚನಾಲಯದಲ್ಲಿ ಡಬ್ಬಿ ಕಿಟಕಿಯ ಸರಳಿಗೆ ಹೊರಗಿನಿಂದ ಆಯಸ್ಕಾಂತದಿಂದ ಅಂಟಿಕೊಂಡಿತ್ತು. ವಿಶ್ವಾಸ ಕಿಟಕಿಯ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತು ಅಂಕಿ ಬರೆದುಕೊಳ್ಳುವಷ್ಟರಲ್ಲಿ ಬೆನ್ನ ಮೇಲೆ ಕೈ ಬಿತ್ತು.

"ಸಾಹೇಬ್ರ! ಸುಟ್ಟಿ ದಿನಾ ಇಲ್ಲೇನ್ರಿ?"

ಅವನ ಕಚೇರಿಯ ಜವಾನ ಮಲಕಾರಿ. ಕೇಳದೆ ಇದ್ದವರಿಗೂ ಸಹಾಯ ಮಾಡುವ ಸ್ವಭಾವ ಅವನದು. ಒಮ್ಮೆ ರಸ್ತೆಯ ಬದಿ ಸುಮ್ಮನೆ ನಿಂತಿದ್ದ ಮುದುಕನನ್ನು ಕೈಹಿಡಿದು ಆಚೆ ದಾಟಿಸಿ, ಮುದುಕ ಬೈದ ಮೇಲೆ ಮತ್ತೆ ಈಚೆ ದಾಟಿಸಿದ್ದ.

"ಏನಿಲ್ಲೋ ಮಲಕಾರಿ. ಇಲ್ಲಿ… ಚನ್ನಮ್ಮನ ಕಡೆ ಒಂದ ಸಣ್ಣ ಕೆಲಸಾ ಇತ್ತು." ಗಾಬರಿಯಲ್ಲಿ ಕಿಟಕಿಯ ಮೇಲಿನ ಬೋರ್ಡಿನ ಹೆಸರೇ ಬಾಯಿಗೆ ಬಂದಿತ್ತು.

"ಯಾ ಚನ್ನಮ್ಮ? ನಮ್ಮ ಓಣ್ಯಾಗ ಯಾರೂ ಇಲ್ಲಲ್ರಿ. ತಡೀರಿ, ಕೇಳೂಣು." ಮಲಕಾರಿ ರಸ್ತೆಯ ನಡುವೆ ನಿಂತು ಬಾಯಿಗೆ ಎರಡೂ ಕೈ ಹಚ್ಚಿದ. "ಏ ಮಂದೀ, ಇಲ್ಲಿ ಚನ್ನಮ್ಮ ಅಂತ ಯಾರರ ಅದಾರೇನು? ನಮ್ಮ ಸಾಹೇಬ್ರು ಹುಡ್ಕಾಕತ್ತಾರ! ಸುಟ್ಟಿ ದಿನಾ ಬಂದಾರ!"

ಚಹಾದಂಗಡಿಯವರು ತಿರುಗಿ ನೋಡಿದರು. ಒಂದು ಬಸ್ಸು ನಿಧಾನ ಮಾಡಿತು. ವಿಶ್ವಾಸ ಬೈಕಿಗೆ ಒದ್ದು ಮಾಯವಾದ. ಸಾಹೇಬರು ವಿಳಾಸ ಸಿಗದೆ ಹೋದರಲ್ಲ ಎಂದು ಮಲಕಾರಿಗೆ ಕೆಡುಕೆನಿಸಿತು. ವಿಳಾಸ ಯಾರಿಗೆ ಗೊತ್ತಿರುತ್ತದೆ? ಸಾಹೇಬರ ಮನೆಯವರಿಗೆ. ಅವನು ಸಾರಿಕಾಳಿಗೆ ಫೋನು ಮಾಡಿದ.

ಬೈಕು ಚಿಕ್ಕೋಡಿ ದಾಟುವ ಮೊದಲೇ ವಿಶ್ವಾಸನ ಮೊಬೈಲು ಬಡಿದುಕೊಂಡಿತು. ಅವನು ಹೊಲದ ಬದಿ ನಿಲ್ಲಿಸಿ ಎತ್ತಿದ.

"ರೀ, ಎಲ್ಲಿ ಅದೀರಿ?"

"ಬೆಳಗಾವ್ಯಾಗ. ಟ್ರೇನಿಂಗ್ ಚಾಲೂ ಆತು."

"ಹಿಂದ ಕೋಳಿ ಕೂಗಾಕತ್ತೈತಿ."

"ಅದು… ಪಶುಸಂಗೋಪನಾ ಇಲಾಖೆಯವರೂ ಬಂದಾರ."

"ಆತು, ಚೊಲೋತ್ನಾಗಿ ಕಲೀರಿ," ಎಂದು ಸಾರಿಕಾ ಫೋನಿಟ್ಟಳು. ಪಾಪ, ಎಷ್ಟು ಮುಗ್ಧೆ ಎಂದುಕೊಂಡು ವಿಶ್ವಾಸ ಗೇರು ಬದಲಿಸಿದ.

ರಾಯಬಾಗದಲ್ಲಿ ಹುಡುಕಬೇಕಾದದ್ದು ಚನ್ನಮ್ಮ ನಗರ ಎಂಬ ಹೊಸ ಬಡಾವಣೆ. ಮೊಬೈಲಿನ ಸಿಗ್ನಲ್ಲು ಸತ್ತಿತ್ತು. ಒಬ್ಬ ಹೆಂಗಸು ಹಾಲಿನ ಕ್ಯಾನು ಹೊತ್ತು ಎದುರಾದಳು.

"ಅಕ್ಕಾರ, ಚನ್ನಮ್ಮ—" ಎನ್ನುವಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹಾಯ್ದು, 'ನಗರ' ಎಂಬುದನ್ನು ನುಂಗಿಬಿಟ್ಟಿತು.

ಹೆಂಗಸಿನ ಮುಖ ಅರಳಿತು. "ಬಂದ್ರ್ಯಾ! ಲಗಮಣ್ಣನ ಮನಿಯವರು ಮುಂಜಾನಿಂದ ಹಾದಿ ನೋಡಾಕತ್ತಾರ. ಬರ್ರಿ, ಬರ್ರಿ," ಎಂದು ಮುಂದೆ ನಡೆದಳು.

ಬಡಾವಣೆಯವರು ತನ್ನ ಹಾದಿ ಯಾಕೆ ನೋಡುತ್ತಾರೆ ಎಂಬುದು ವಿಶ್ವಾಸನಿಗೆ ಹೊಳೆಯಲಿಲ್ಲ. ಒಂದು ಹಂಚಿನ ಮನೆಯ ಮುಂದೆ ರಂಗೋಲಿ ಹಾಕಿತ್ತು. ಟೋಪಿ ಹಾಕಿದ ಲಗಮಣ್ಣ ಅವನ ಕೈಹಿಡಿದು ಒಳಗೆ ಕರೆದೊಯ್ದು ಗಾದಿಯ ಮೇಲೆ ಕೂಡಿಸಿದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಗ್ಗರಣೆ ಅವಲಕ್ಕಿಯ ಬಿಸಿ ಪೋಹೆ ಬಂತು, ತಿಂದ. ಇನ್ನೊಂದು ಪ್ಲೇಟು ಬಂತು, ಅದನ್ನೂ ತಿಂದ. ಈ ಊರಿನ ಜನ ಎಷ್ಟು ಒಳ್ಳೆಯವರು ಎಂದು ಕಣ್ಣು ತೇವವಾಗುವ ಹೊತ್ತಿಗೆ ಬಾಗಿಲ ಪರದೆ ಸರಿಯಿತು. ರೇಷ್ಮೆ ಸೀರೆಯ ಹುಡುಗಿಯೊಬ್ಬಳು ಚಹಾದ ತಟ್ಟೆ ಹಿಡಿದು, ನೆಲ ನೋಡುತ್ತ ಬಂದಳು.

"ಈಕಿನಽ ನಮ್ಮ ಚನ್ನಮ್ಮ," ಎಂದ ಲಗಮಣ್ಣ. "ಅಜ್ಜಿ ಹೆಸರ ಇಟ್ಟೀವಿ. ಬಿ.ಕಾಂ. ಮುಗಿಸ್ಯಾಳ. ಏನರ ಕೇಳೋದಿದ್ರ ಕೇಳ್ರಿ."

ಪೋಹೆಯ ಶೇಂಗಾ ಒಂದು ವಿಶ್ವಾಸನ ಗಂಟಲಿನಲ್ಲಿ ಅಡ್ಡ ನಿಂತಿತು. ಕೆಮ್ಮಿ, ನೀರು ಕುಡಿದು, "ಇಲ್ಲಿ… ನಗರ ಎಲ್ಲೈತ್ರಿ?" ಎಂದ.

"ಹುಡುಗ ಪ್ಯಾಟ್ಯಾಗ ಇರಾಂವ," ಎಂದು ಒಳಗಿಂದ ಮುದುಕಿಯೊಬ್ಬಳು ಮೆಚ್ಚಿಕೊಂಡಳು.

"ನಗರ ಬಿಡ್ರಿ, ನಿಮ್ಮೂರು ಯಾವುದು? ಹಿರ್ಯಾರು ಹೇಳಿದ್ರು, ಆದ್ರ ನಾ ಮರತೀನಿ," ಎಂದ ಲಗಮಣ್ಣ.

"ನಿಪ್ಪಾಣಿ."

"ನಿಪ್ಪಾಣ್ಯಾಗ ಯಾರ ಪೈಕಿ?"

ಈ ಪ್ರಶ್ನೆಗೆ ಅವನು ವರ್ಷಗಳಿಂದ ಕೊಡುತ್ತ ಬಂದ ಉತ್ತರ ಒಂದೇ. ಅದೇ ಬಾಯಿಂದ ಜಾರಿತು: "ತಂಬಾಕು ವಖಾರಿ ಜನಾಬಾಯಿ ಇಲ್ಲೇನ್ರಿ, ಅವರ ಅಳಿಯ."

ಹುಡುಗಿ ಚಹಾದ ತಟ್ಟೆ ಸಮೇತ ಪರದೆಯ ಹಿಂದೆ ಸರಿದಳು.

"ಜನಾಬಾಯಿ ಅಳಿಯ?" ಲಗಮಣ್ಣ ಎದ್ದು ನಿಂತ. "ಜನಾಬಾಯಿ ನನಗ ಅಕ್ಕ ಇದ್ದಂಗ! ಆಕಿಗೆ ಒಬ್ಬಾಕಿನಽ ಮಗಳು. ಆಕಿನ್ನ ಮನ್ಯಾಗ ಇಟ್ಟು ನೀ ಇಲ್ಲಿ ಇನ್ನೊಬ್ಬಾಕಿನ್ನ ನೋಡಾಕ ಬಂದೀಯೇನಲೇ? ಎರಡ ಪ್ಲೇಟ್ ಪೋಹೆ ಬ್ಯಾರೆ ತಿಂದಾನ!"

ಚಪ್ಪಲಿ ಹಾಕಿಕೊಳ್ಳಲು ಸಮಯವಿರಲಿಲ್ಲ. ವಿಶ್ವಾಸ ಚಪ್ಪಲಿಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಬೈಕು ಹತ್ತಿದ. ಅದೃಷ್ಟವೋ ಏನೋ, ತಪ್ಪಿಸಿಕೊಂಡು ಓಡಿದ ಹಾದಿಯಲ್ಲೇ 'ಚನ್ನಮ್ಮ ನಗರ' ಎಂಬ ಫಲಕ ಸಿಕ್ಕಿತು. ಅದರ ಕಂಬದ ಟೊಳ್ಳಿನಲ್ಲಿ ಮೂರನೆಯ ಡಬ್ಬಿಯೂ ಇತ್ತು. ಅಂಕಿ ಬರೆದುಕೊಂಡ.

ಕೃಷ್ಣಾ ನದಿಯ ಸೇತುವೆಯ ಮೇಲೆ ಮತ್ತೆ ಫೋನು.

"ಊಟಾ ಆತೇನ್ರಿ?" ಸಾರಿಕಾಳ ದನಿ ಬೆಲ್ಲದ ಪಾಕದಂತಿತ್ತು.

"ಎಲ್ಲಿ ಊಟ? ಸಾಹೇಬ್ರ ಭಾಷಣ ಇನ್ನೂ ಮುಗದಿಲ್ಲ."

"ಹೌದ? ಪೋಹೆ ಭಾಳ ಚೊಲೋ ಇದ್ದುವಂತ."

"ಹಲೋ? ಹಲೋ! ಕೇಳವಲ್ದು! ನೆಟ್‌ವರ್ಕ್ ಇಲ್ಲ!" ಎಂದು ಸ್ಪಷ್ಟವಾಗಿ ಕೇಳುತ್ತಿದ್ದ ಫೋನಿನಲ್ಲಿ ಕೂಗಿ, ಕಟ್ ಮಾಡಿ, ವಿಶ್ವಾಸ ಸೇತುವೆಯ ಕಟ್ಟೆ ಹಿಡಿದು ನಿಂತ. ಹಿಂದಕ್ಕೆ ಹೋಗಿ ಕಾಲು ಹಿಡಿದುಬಿಡಲೇ? ನದಿ ತನ್ನ ಪಾಡಿಗೆ ಹರಿಯುತ್ತಿತ್ತು. ಅಷ್ಟರಲ್ಲಿ ಟಿಣ್ ಎಂದು ಇನ್ನೊಂದು ಸಂದೇಶ ಬಂತು. ಪನ್ಹಾಳದ ಹುಲಿ ಎಲ್ಲರಿಗೂ ತಿಳಿಸಿದ್ದ: ಕಾಗವಾಡದ ಹತ್ತಿರ ಬೈಕಿನ ಎರಡೂ ಗಾಲಿ ಪಂಕ್ಚರ್, ಇವತ್ತಿಗೆ ಆಟ ಬಿಟ್ಟೆ.

ಮನುಷ್ಯನಿಗೆ ಇಂಥ ಅವಕಾಶ ಎಷ್ಟು ಸಲ ಬರುತ್ತದೆ? ಕಾಲು ಸಂಜೆಗೂ ಹಿಡಿಯಬಹುದು. ವಿಶ್ವಾಸ ಅಥಣಿಯ ಕಡೆ ಹೊರಟ.

ಅಥಣಿಯ ಚನ್ನಮ್ಮ ವೃತ್ತದ ಸುತ್ತ ಕಬ್ಬಿಣದ ಕೊಳವೆಗಳ ಬೇಲಿಯಿತ್ತು. ನಾಲ್ಕನೆಯ ಡಬ್ಬಿ ಒಂದು ಕೊಳವೆಯ ಬಾಯಿಯೊಳಗೆ. ವಿಶ್ವಾಸ ತೋರುಬೆರಳು ಹಾಕಿದ. ತುದಿಗೆ ಡಬ್ಬಿ ತಾಗಿತು. ಇನ್ನಷ್ಟು ಹಾಕಿದ. ಡಬ್ಬಿ ಬೆರಳಿಗೆ ಸಿಕ್ಕಿತು. ಬೆರಳು ಕೊಳವೆಗೆ ಸಿಕ್ಕಿತು.

ಮೊದಲು ಒಬ್ಬ ನಿಂತ, ಆಮೇಲೆ ನಾಲ್ವರು, ಆಮೇಲೆ ಜಾತ್ರೆ. ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದವು.

"ಯಾಕ ಹಾಕಿದಿ ಬೆರಳ?"

"ಎಲ್ಲಾ ಬಿಟ್ಟು ಇದರಾಗ್ಯಾಕ ಹಾಕಿದಿ?"

"ಸಾಬಾಣ ಹಚ್ಚ್ರಿ."

"ಎಣ್ಣಿ ಹಚ್ಚ್ರಿ." ಭಜಿಯ ಗಾಡಿಯವನು ಸೌಟಿನಲ್ಲಿ ಎಣ್ಣೆಯನ್ನೇ ತಂದ. ಬಿಸಿಯಾಗಿತ್ತು. ವಿಶ್ವಾಸ ಚೀರಿದ ಚೀರಿಗೆ ಬೆರಳು ತಾನಾಗಿಯೇ ಹೊರಬಂತು, ತುದಿಯಲ್ಲಿ ಡಬ್ಬಿಯನ್ನು ಟೋಪಿಯಂತೆ ತೊಟ್ಟುಕೊಂಡು. ಹತ್ತಾರು ಮೊಬೈಲುಗಳು ಫೋಟೋ ತೆಗೆದವು.

ಗದ್ದಲಕ್ಕೆ ಬಂದ ಪೊಲೀಸಪ್ಪ ಡಬ್ಬಿ ಬಿಚ್ಚಿ ಚೀಟಿ ತೆಗೆದು, ಅದರಲ್ಲಿದ್ದ ಅಂಕಿಗಳನ್ನು ಗಟ್ಟಿಯಾಗಿ ಓದಿದ. "ಏನಿದು? ಓಸಿ ನಂಬರಾ? ಸರ್ಕಲ್‌ನ್ಯಾಗ ಮಟಕಾ ನಡಸ್ತೀಯಾ?"

"ಅಲ್ರಿ ಸಾಹೇಬ್ರ, ಇದು ಆಟ!"

"ಮಟಕಾನೂ ಆಟಾನ ಅಂತಾರ ಎಲ್ಲಾರೂ."

ಅಷ್ಟರಲ್ಲಿ ಗುಂಪಿನಲ್ಲಿ ಅರ್ಧ ಜನ ಆ ಅಂಕಿಗಳನ್ನು ಅಂಗೈಯ ಮೇಲೆ ಬರೆದುಕೊಂಡು ಎಲ್ಲಿಗೋ ಅವಸರದಿಂದ ಹೊರಟಿದ್ದರು. ವಿಶ್ವಾಸ ತನ್ನ ಗುರುತಿನ ಚೀಟಿ ತೋರಿಸಿ, ಮೊಬೈಲಿನಲ್ಲಿ ಆಟದ ನಕಾಶೆ ತೋರಿಸಿ, ಕೈಮುಗಿದು ನಿಂತ. ಪೊಲೀಸಪ್ಪ ಬಹಳ ಹೊತ್ತು ನೋಡಿ, "ಸರ್ಕಾರಿ ನೌಕರ ಅದೀ. ಡಬ್ಬಿ ಹುಡುಕತೀ. ಮನ್ಯಾಗ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನು?" ಎಂದು ಬಿಟ್ಟುಕಳಿಸಿದ.

ಸಾರಿಕಾಳಿಂದ ಈ ಸಲ ಫೋನು ಬರಲಿಲ್ಲ, ಸಂದೇಶ ಬಂತು. "ಸಾವಕಾಶ ಬರ್ರಿ. ಗಡಬಡಿ ಮಾಡಬ್ಯಾಡ್ರಿ. ನಾವು ಕಾಯ್ತೀವಿ."

'ನಾವು' ಎಂದರೆ ಯಾರ್ಯಾರು ಎಂದು ಯೋಚಿಸಲು ವಿಶ್ವಾಸನಿಗೆ ಧೈರ್ಯವಾಗಲಿಲ್ಲ. ಅಂಕಿಗಳನ್ನು ಜೋಡಿಸಿದ. ನಕಾಶೆಯಲ್ಲಿ ಐಗಳಿಯ ಆಚೆ, ದ್ರಾಕ್ಷಿ ತೋಟಗಳ ನಡುವೆ ಕೆಂಪು ಚುಕ್ಕೆ ಹತ್ತಿಕೊಂಡಿತು.

ಹೊತ್ತು ಇಳಿಯುತ್ತಿತ್ತು. ಸುಟ್ಟ ಬೆರಳನ್ನು ಗಾಳಿಗೆ ಹಿಡಿದು ಬೈಕು ಓಡಿಸುತ್ತ ಅವನು ಮನಸ್ಸಿನಲ್ಲೇ ಹೆಂಡತಿಗೆ ಎಲ್ಲ ಹೇಳಿ ಮುಗಿಸಿದ. ಚನ್ನಮ್ಮ ಅಂದರೆ ಹೆಂಗಸಲ್ಲ, ಉದ್ಯಾನ, ಹೆಂಗಸಲ್ಲ, ವಾಚನಾಲಯ, ಹೆಂಗಸಲ್ಲ, ಬಡಾವಣೆ, ಹೆಂಗಸಲ್ಲ, ವೃತ್ತ. ಇಷ್ಟು ಸರಳ. ಗೆದ್ದ ಚೀಟಿಯ ಫೋಟೋ ತೋರಿಸಿದರೆ ಸಾರಿಕಾ ನಕ್ಕುಬಿಡುತ್ತಾಳೆ. ಒಮ್ಮೆಯಾದರೂ ಮೊದಲಿಗನಾದ ಗಂಡನನ್ನು ಕಂಡು ಯಾವ ಹೆಂಡತಿಗೆ ಹೆಮ್ಮೆಯಾಗುವುದಿಲ್ಲ?

ತೋಟದ ಗೇಟಿನ ಮೇಲೆ ಫಲಕವಿತ್ತು: 'ಚನ್ನಮ್ಮ ತೋಟ'. ವಿಶ್ವಾಸನ ಎದೆ ಹಿಗ್ಗಿತು. ಒಳಗೆ ಹೋದ.

ಬೇವಿನ ಮರದ ಕೆಳಗೆ ಒಂದು ಕ್ರೂಸರ್ ಗಾಡಿ ನಿಂತಿತ್ತು. ಅದರ ಪಕ್ಕದ ಹೊರಸಿನ ಮೇಲೆ ಸಾಲಾಗಿ ಅಕ್ಕುತಾಯಿ, ಅತ್ತೆ ಜನಾಬಾಯಿ, ನಡುವೆ ಸಾರಿಕಾ ಕುಳಿತು ಒಣದ್ರಾಕ್ಷಿ ತಿನ್ನುತ್ತಿದ್ದರು. ಎದುರಿನ ಕುರ್ಚಿಯಲ್ಲಿ ಇಳಕಲ್ ಸೀರೆಯ, ಅರವತ್ತರ ಆಸುಪಾಸಿನ ದೃಢಕಾಯದ ಹೆಂಗಸು. ಅವಳ ಮಡಿಲಲ್ಲಿ ದೊಡ್ಡ ಮೊಬೈಲು.

"ಬಾ ಅಳಿಯಪ್ಪಾ," ಎಂದಳು ಜನಾಬಾಯಿ. "ಟ್ರೇನಿಂಗ್ ಮುಗೀತ?"

ವಿಶ್ವಾಸ ಬೈಕಿನಿಂದ ಇಳಿಯುವುದನ್ನು ಮರೆತ. "ಸಾರಿಕಾ, ಚನ್ನಮ್ಮ ಅಂದ್ರ ಹೆಂಗಸಲ್ಲ!" ಎಂದು ಕೂಗಿದ.

"ನಾ ಹೆಂಗಸಲ್ಲೇನೋ?" ಎಂದಳು ಕುರ್ಚಿಯ ಮೇಲಿನವಳು. "ನಮ್ಮಪ್ಪ ರಾಣಿ ಹೆಸರ ನನಗ ಇಟ್ಟ. ನನ್ನ ಹೆಸರ ಈ ತ್ವಾಟಕ್ಕ ಇಟ್ಟ. ಕರಿದ್ರಾಕ್ಷಿ ಅಂದ್ರ ನಾನ. ಹಿಂದೊಮ್ಮಿ ಮೊಬೈಲ್ ಹಿಡಕೊಂಡ ಒಬ್ಬ ನಮ್ಮ ಬೇಲಿ ಹಾರಿದ್ದ. ಹಿಡದ ಕುಂಡ್ರಿಸಿ ಈ ಆಟಾ ಕಲತೆ. ಮದವಿಗೆ ಹೋದ ಊರಾಗೆಲ್ಲ ಒಂದೊಂದ ಡಬ್ಬಿ ಇಟ್ಟ ಬಂದೀನಿ."

"ಮತ್ತ… ಇವರು?"

ಚನ್ನಮ್ಮ ನಕ್ಕಳು. "ಇವರು ತಮ್ಮ ಬಚತ್ ಗಟದಾಗ, ಅಂದ್ರ ಹೆಂಗಸರ ಉಳಿತಾಯ ಸಂಘದಾಗ, ಮೆಸೇಜ್ ಬಿಟ್ಟಾರ: 'ಗಂಡಸರು ಮೊಬೈಲ್ ಹಿಡಕೊಂಡು ಹುಡ್ಕೂ ಚನ್ನಮ್ಮ ಯಾರು? ಗೊತ್ತಿದ್ದ ಅಕ್ಕ ತಂಗೇರು ತಿಳಸ್ರಿ.' ಅದು ಗಟದಿಂದ ಗಟಕ್ಕ ಹಾರಿ, ಚಿಕ್ಕೋಡಿ ದಾಟಿ, ರಾಯಬಾಗ ದಾಟಿ, ಮಧ್ಯಾಹ್ನಕ್ಕ ನನ್ನ ಫೋನಿಗೇ ಬಂತು. ನಾ ಖರೇ ಇದ್ದದ್ದು ಬರದೆ: 'ಆ ಚನ್ನಮ್ಮ ನಾನ. ಸಂಜೀಕ ಇಲ್ಲೇ ಬರ್ತಾರ, ನೀವೂ ಬರ್ರಿ' ಅಂತ."

"ನಾ ಕ್ರೂಸರ್ ಮಾಡಕೊಂಡ ಬಂದು ಇವರ ಮುಂದ ನಿಂತು, ನನ್ನ ಗಂಡ ಎಲ್ಲದಾನ ಅಂದೆ," ಎಂದಳು ಸಾರಿಕಾ. "ಇನ್ನೂ ಬಂದಿಲ್ಲವ್ವಾ, ಕುಂಡ್ರು ಅಂದ್ರು. ನನ್ನ ಮೈ ಉರದ ಹೋತು. ಮನಿ ಹುಡಕಿದೆ, ದನದ ಗ್ವಾದಲಿ ಹುಡಕಿದೆ, ಡ್ರಮ್ಮ ಹತ್ತಿ ಪಂಪಿನ ಮನಿ ಗೂಡಿನ್ಯಾಗೂ ಕೈ ಹಾಕಿದೆ."

"ಗಂಡ ಸಿಗಲಿಲ್ಲ, ಡಬ್ಬಿ ಸಿಕ್ತು," ಎಂದು ಚನ್ನಮ್ಮ ಮುಗಿಸಿದಳು. "ಆಟ ಅಂದ್ರ ಆಟ. ಸಿಕ್ಕಾವ್ರು ಹೆಸರ ಬರೀಬೇಕು ಅಂದೆ, ಬರದಳು." ಅವಳು ಚೀಟಿಯನ್ನು ವಿಶ್ವಾಸನ ಕೈಗಿತ್ತಳು.

ಮೊದಲ ಸಾಲಿನಲ್ಲಿ, ಹೊಲಕ್ಕೆ ಗಡಿಕಲ್ಲು ನೆಟ್ಟಷ್ಟು ಒತ್ತಿ ಬರೆದಿತ್ತು: 'ವಿಶ್ವಾಸ ಇವರ ಧರ್ಮಪತ್ನಿ ಸೌ. ಸಾರಿಕಾ'. ಅದರ ಕೆಳಗೆ ಜನಾಬಾಯಿಯ ಹೆಬ್ಬೆಟ್ಟು, ಅಕ್ಕುತಾಯಿಯ ಸಹಿ, ಕ್ರೂಸರಿನ ಡ್ರೈವರನ ಸಹಿ. ಚೀಟಿ ತುಂಬಿತ್ತು.

"ನಾ ಎಲ್ಲಿ ಬರೀಲ್ರಿ?" ವಿಶ್ವಾಸನ ದನಿ ಸಣ್ಣಗಾಗಿತ್ತು.

"ಹಿಂದ ಬರಿಯಪ್ಪಾ."

ಅವನು ಚೀಟಿ ತಿರುಗಿಸಿ, ಸುಟ್ಟ ಬೆರಳಲ್ಲಿ ಪೆನ್ನು ಹಿಡಿದು, ಹಿಂದೆ ಬರೆದ. ಸಾರಿಕಾ ಬೈಯಲಿಲ್ಲ. ಅದೇ ಅವನಿಗೆ ಹೆದರಿಕೆ. ಅವಳ ಮುಖದಲ್ಲಿ ಬೇರೆಯೇ ಕಳೆಯಿತ್ತು, ಚನ್ನಮ್ಮನ ಮೊಬೈಲಿನೊಳಗೆ ಬಗ್ಗಿ, "ಸತ್ತಿ ಊರಾಗೂ ಒಂದ ಡಬ್ಬಿ ಐತೇನ್ರಿ ಅಕ್ಕಾರ? ಹೊಳಿ ದಂಡಿಗೆ? ಹಂಗಾದ್ರ ಹೋಗಾಗ ನೋಡಕೊಂಡ ಹೋಗ್ತೀವಿ," ಎನ್ನುತ್ತಿದ್ದಳು. ಜನಾಬಾಯಿ ಆಗಲೇ ಕ್ರೂಸರಿನ ಮುಂದಿನ ಸೀಟು ಹಿಡಿದು, ಡ್ರೈವರನಿಗೆ ಲಗೂನ ಬಿಡು ಎಂದು ಅವಸರ ಮಾಡುತ್ತಿದ್ದಳು.

"ನಾನೂ ಬರ್ತೀನಿ," ಎಂದ ವಿಶ್ವಾಸ.

"ನೀವು ಡಬ್ಬಿ ಇಟ್ಟ ಬರ್ರಿ. ಕಡೀಕ ಬಂದಾವ್ರು ಇಡಬೇಕಂತ, ನಿಮ್ಮ ಆಟದ ಕಾಯ್ದೆ ಐತಿ," ಎಂದಳು ಸಾರಿಕಾ. ಕ್ರೂಸರ್ ಧೂಳೆಬ್ಬಿಸಿ ಹೋಯಿತು. ಚನ್ನಮ್ಮ ದೀಪ ಹಚ್ಚಲು ಒಳಗೆ ಎದ್ದಳು.

ಪಂಪಿನ ಮನೆಯ ಗೂಡು ಎತ್ತರದಲ್ಲಿತ್ತು. ವಿಶ್ವಾಸ ಒಂದು ಡ್ರಮ್ಮು ಉರುಳಿಸಿ ತಂದು, ಅದರ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು ಗೂಡಿನೊಳಗೆ ಕೈ ಚಾಚಿದ. ಹಿಂದಿನಿಂದ ದಪ್ಪ ದನಿಯೊಂದು ಗದರಿಸಿತು.

"ಯಾಂವಲೇ ಅಂವ! ಕೇಬಲ್ ಕದಿಯಾಕ ಬಂದೀಯೇನು?"

ತೋಟದ ಆಳು. ಕೈಯಲ್ಲಿ ತನಗಿಂತ ಉದ್ದದ ಬಡಿಗೆ. ವಿಶ್ವಾಸ ಡ್ರಮ್ಮಿನ ಮೇಲೆ ಓಲಾಡುತ್ತ "ಚನ್…" ಎಂದು ಶುರುಮಾಡಿದವನು ಆ ಹೆಸರನ್ನು ಅಲ್ಲಿಗೇ ನುಂಗಿಕೊಂಡ.

"ನಾ ಕಳ್ಳ ಅಲ್ರಿ," ಎಂದ. "ನಾ… ಸಾರಿಕಾನ ಗಂಡ."

ಆಳು ಬಡಿಗೆ ಇಳಿಸಿದ. ಮುಖದಲ್ಲಿ ಗೌರವ ಮೂಡಿತು.

"ಓಹೋ! ಫಸ್ಟ್ ಬಂದಾರಲ್ರಿ, ಆ ಅಕ್ಕಾರ ಮನಿಯವರು ಏನ್ರಿ ನೀವು?"